ಹದಿನಾಲ್ಕು ದಿನ

ರೋಜಾನ್ ವಾರ್ಗಾಳಿಗೆ ಹದಿನಾಲ್ಕು ದಿನ ಅಮಾನತು.
ಹದಿನೈದಾಗಿದ್ದರೆ ನೆಟ್ಟಗೆ ಮಂಡಳಿಯ ಬಾಗಿಲು ತಟ್ಟಬಹುದಿತ್ತು.
ಒಂದು ದಿನ ಕಡಿಮೆ ಮಾಡಿದ್ದು
ದಯೆಯೆಂದುಕೊಂಡಿರಾ?
ತೂಕ ಬಲ್ಲವನು ತೂಗಿದ ಶಿಕ್ಷೆ ಅದು.

ಟೊಲೀಡೊ. ಮಾಮೀ ನದಿಯ ದಂಡೆ.
ಧಾನ್ಯದ ಗೋಪುರಗಳ ಬುಡದಲ್ಲಿ ನಮ್ಮ ತಗಡಿನ ಕಚೇರಿ:
ಎರಡು ಜರಡಿ, ತೇವ ಅಳೆಯುವ ಯಂತ್ರ,
ಗೋಡೆಯ ಮೇಲೆ ಸರಕಾರದ ಹದ್ದು.
ಹಡಗಿಗೆ ಸುರಿಯುವ ಮೆಕ್ಕೆಜೋಳದಲ್ಲಿ
ಬೂಷ್ಟು ಎಷ್ಟು, ಮುಕ್ಕು ಎಷ್ಟು, ನುಸಿ ಎಷ್ಟು
ಬೆರಳಲ್ಲಿ ಆರಿಸಿ ಹೇಳುವುದು ನಮ್ಮ ಕೆಲಸ.
ಒಂದು ಚೀಟಿ, ಅದರ ಮೇಲೊಂದು ಅಂಕಿ.
ಅದನ್ನು ನಂಬಿ ಹಡಗು ಸಮುದ್ರಕ್ಕೆ ಹೋಗುತ್ತದೆ.

ರೋಜಾನ್ ಬರೆದದ್ದು ಮೂರನೇ ದರ್ಜೆ.
ಮರುದಿನ ಚೀಟಿಯಲ್ಲಿ ಎರಡು.
ಹೀಗೆ ಹನ್ನೊಂದು ಸಲ.
ಎಣಿಸಿದಳು, ಬರೆದಿಟ್ಟಳು, ವಾಷಿಂಗ್ಟನ್ನಿಗೆ ಕಳಿಸಿದಳು.
ಕಳಿಸಿದ ಮೂರನೇ ವಾರಕ್ಕೆ
ಅವಳು ಹೆಲ್ಮೆಟ್ ಹಾಕದ ದಿನವೊಂದು
ಮೇಲಧಿಕಾರಿ ಹಾಲ್‌ಬ್ರುಕ್‌ಗೆ ನೆನಪಾಯಿತು.
ಹಳೆಯ ದಿನ. ನಾವ್ಯಾರೂ ಹಾಕದ ದಿನ.

ಆಮೇಲೆ ಕಾಗದದ ಹಾದಿ.
ವಿಶೇಷ ವಕೀಲರ ಕಚೇರಿಯಲ್ಲಿ ಕಡತ ಮಲಗಿತು,
ಮಗ್ಗುಲು ಬದಲಿಸಿತು,
ಒಂದೇ ಪುಟದ ಪತ್ರವಾಗಿ ಎದ್ದು ಬಂತು:
ನಾವು ಮುಚ್ಚಿದ್ದೇವೆ. ಬೇಕಾದರೆ ನೀವು
ಅರವತ್ತೈದು ದಿನದೊಳಗೆ ಮಂಡಳಿಗೆ ಹೋಗಬಹುದು.
ಬೇಕಾದರೆ!
ಆ ಪದಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಟ್ಟಿದ್ದಳು.
ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆಯುತ್ತ,
ಅಜ್ಜಿ ಕಲಿಸಿದ ಹಂಗೇರಿಯ ಕೆಂಪು ಸಾರು ಕುದಿಸುತ್ತ,
ನಲವತ್ತೊಂದನೆಯ ರಾತ್ರಿ ಮನವಿ ಬರೆದು ಮುಗಿಸಿದಳು.
ವಕೀಲನಿಗೆ ದುಡ್ಡಿಲ್ಲ. ತಪ್ಪು ತಿದ್ದಿಕೊಟ್ಟವಳು ನಾನು.
ನಾನು. ಅದೇ ನಾನು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ
ತೂಕದವನಾಗಿದ್ದ ನಮ್ಮಪ್ಪ ಸೀನುತ್ತಲೇ ಅನ್ನುತ್ತಿದ್ದ:
ನಾಗವೇಣಿ, ತಕ್ಕಡಿ ಮುಳ್ಳು
ಯಾರ ಮಾರೀನೂ ನೋಡೂದಿಲ್ಲ.
ನಾನು ನೋಡಿದ್ದೆ. ನವೆಂಬರಿನ ಬೆಳಿಗ್ಗೆ, ಕಾಫಿ ಯಂತ್ರದ ಮುಂದೆ,
ಮಾತಿಗೆ ಮಾತು ಬೆಳೆದು ಹಾಲ್‌ಬ್ರುಕ್‌ಗೆ ಅಂದುಬಿಟ್ಟಿದ್ದೆ:
ರೋಜಾನ್ ನಿಮ್ಮ ಚೀಟಿಗಳ ಬಗ್ಗೆ ಮೇಲೆ ಬರೆದಿದ್ದಾಳಂತೆ.
ಅವನು ಸಕ್ಕರೆಯ ಪೊಟ್ಟಣ ಹರಿದ. ಸುರಿಯಲಿಲ್ಲ.
ಅದು ಚಾಡಿಯಲ್ಲ ಎಂದು
ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ.

ವಿಚಾರಣೆ ಪರದೆಯ ಮೇಲೆ.
ನ್ಯಾಯಾಧೀಶೆ ಶಿಕಾಗೋದಲ್ಲಿ, ಹಿಂದೆ ಒಣಗಿದ ಹೂಕುಂಡ.
ಹಾಲ್‌ಬ್ರುಕ್ ಪ್ರಮಾಣ ಮಾಡಿ ಹೇಳಿದ:
ಅವಳು ದೂರು ಕೊಟ್ಟದ್ದು ನನಗೆ ಗೊತ್ತೇ ಇರಲಿಲ್ಲ,
ಶಿಕ್ಷೆ ಕೊಟ್ಟ ಮೇಲಷ್ಟೇ ತಿಳಿಯಿತು.
ಗೊತ್ತಿಲ್ಲದವನು ಸೇಡು ತೀರಿಸಿಕೊಳ್ಳುವುದು ಹೇಗೆ?
ಇಡೀ ಪ್ರಕರಣ ಆ ಒಂದು ಮೊಳೆಗೆ ನೇತುಬಿದ್ದಿತ್ತು,
ಮೊಳೆ ನನ್ನ ಬಾಯಲ್ಲಿತ್ತು.

ರೋಜಾನ್ ನನ್ನನ್ನು ಕರೆದದ್ದು ಹೆಲ್ಮೆಟ್ಟಿನ ಸಾಕ್ಷಿಗೆ.
ಹೇಳಿದೆ: ಯಾರೂ ಹಾಕುತ್ತಿರಲಿಲ್ಲ, ನಾನೂ.
ಸರಿ, ಬೇರೇನಾದರೂ ಇದೆಯೇ, ಕೇಳಿದರು ನ್ಯಾಯಾಧೀಶೆ,
ಏನೂ ಇಲ್ಲವೆಂಬ ಧಾಟಿಯಲ್ಲಿ, ಕಾಗದ ಜೋಡಿಸುತ್ತ.

ಇದೆ, ಅಂದೆ.
ಅವನಿಗೆ ಗೊತ್ತಿತ್ತು. ಶಿಕ್ಷೆಗೆ ಹತ್ತು ದಿನ ಮೊದಲೇ.
ಹೇಳಿದವಳು ನಾನು.

ಪರದೆಯ ಚಿಕ್ಕ ಚೌಕದಲ್ಲಿ ರೋಜಾನ್
ಕನ್ನಡಕ ತೆಗೆದಳು, ಅಂಗಿಯ ತುದಿಯಿಂದ ಒರೆಸಿದಳು,
ಹಾಕಿಕೊಳ್ಳದೆ ಹಾಗೇ ಕೂತಳು.

ತೀರ್ಪು ಇನ್ನೂ ಬಂದಿಲ್ಲ. ಗೆದ್ದರೂ
ಮೇಲ್ಮನವಿಯಿದೆ, ಅದರ ಮೇಲೆ ಇನ್ನೊಂದು ನ್ಯಾಯಾಲಯವಿದೆ.
ಮರುದಿನ ಅವಳು ತಟ್ಟೆಯಲ್ಲಿ ಜೋಳ ತಂದು
ಮೇಜಿನ ನಡುವೆ ಸುರಿದು
ಮಾತಿಲ್ಲದೆ ಅರ್ಧ ನನ್ನ ಕಡೆ ತಳ್ಳಿದಳು.
ಆರಿಸಿದೆವು, ಕತ್ತಲಾಗುವವರೆಗೆ.
ಹಡಗೊಂದು ಸೇತುವೆ ಎತ್ತಿಸಿಕೊಂಡು ಹೋಯಿತು.

ನಾನು ಎಣಿಸಿಟ್ಟ ಮುಕ್ಕು ಕಾಳುಗಳನ್ನು
ಅವಳು ಮತ್ತೊಮ್ಮೆ ಎಣಿಸಿದಳು.